ಎದ್ದು ನಿಂತ ಸೋಮಾರಿ

ಮತ್ಸ್ಯಾಲಯದ ಮೂಲೆತೊಟ್ಟಿಯಲ್ಲಿದ್ದ ಸಮುದ್ರಸೌತೆಗೆ ತಂಗಿ ಇಟ್ಟ ಹೆಸರು ಸೋಮಾರಿ. ಗೇಣುದ್ದದ ಕಂದು ಮೈ. ತಲೆಯಿಲ್ಲ, ಮಿದುಳಿಲ್ಲ, ಉಸಿರಾಟವೂ ಹಿಂಬಾಗಿಲಿನಿಂದ! ಮರಳು ನುಂಗಿ, ಅದರಲ್ಲಿದ್ದ ಕೊಳೆಯನ್ನು ಅರಗಿಸಿಕೊಂಡು, ತೊಳೆದ ಮರಳನ್ನು ಹೊರಗೆ ಬಿಡುವುದು ಅದರ ಕೆಲಸ. ಅದನ್ನು ನೋಡಿಕೊಳ್ಳುವುದು ಅಕ್ಕನ ಕೆಲಸ. ತೊಟ್ಟಿಗಳ ಫಲಕ ಬರೆಯುವ ಕೆಲಸ ತಂಗಿಯದಾಗಿತ್ತು.

ಸಮುದ್ರಸೌತೆ ನಕ್ಷತ್ರಮೀನಿನ ದಾಯಾದಿ. ಮೈಸುತ್ತ ಐದು ಸಾಲು ಪುಟ್ಟ ಕಾಲುಗಳು, ಆದರೆ ಅಡ್ಡಬಿದ್ದೇ ಬದುಕುವುದರಿಂದ ಆ ಐದರ ಲೆಕ್ಕ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಕಾಣಲೆಂದು ತಂಗಿ ಫಲಕದ ಚಿತ್ರದಲ್ಲಿ ಸೋಮಾರಿಯನ್ನು ನೆಟ್ಟಗೆ ನಿಲ್ಲಿಸಿದ್ದಳು. ಅಕ್ಕನಿಗೆ ತಡೆಯಲಾಗಲಿಲ್ಲ. ಶಾಲೆಮಕ್ಕಳು, ಮೇಲಧಿಕಾರಿ, ಎಲ್ಲರೆದುರೇ ರೇಗಿದಳು.

"ಸದಾ ಮಲಗಿರೋ ಪ್ರಾಣಿ ಕಣೇ ಇದು! ನಿಂತಿದ್ದನ್ನ ನೀನ್ಯಾವಾಗ ನೋಡ್ದೆ? ಗೊತ್ತಿಲ್ದೇ ಇದ್ರೆ ಬರೀಬೇಡ."

ಅಷ್ಟು ಹೇಳಿ ಫಲಕ ಕಿತ್ತುಕೊಂಡು ಉಗ್ರಾಣಕ್ಕೆ ನಡೆದಳು. ಮಕ್ಕಳು ಕಿಸಕ್ಕೆಂದವು. ತಂಗಿ ಮರುವಾರವೇ ಬೇರೆ ಊರಲ್ಲಿ ಕೆಲಸ ಹಿಡಿದು ಹೋದಳು.

ಏಳು ತಿಂಗಳಾಯಿತು. ಎರಡು ಲೋಟ ಚಹಾ ಮಾಡಿ ಒಂದನ್ನು ಚೆಲ್ಲುವ ಚಾಳಿ ಅಕ್ಕನಿಗೆ ಇನ್ನೂ ಹೋಗಿಲ್ಲ. ಅವಳಿಗೆ ತಂಗಿ ಬೇಕಿತ್ತು, ಅಷ್ಟೇ. ಫೋನು ಕೈಗೆತ್ತಿಕೊಂಡರೂ ಮತ್ತೆ ಕೆಳಗಿಡುತ್ತಿದ್ದಳು.

ಇವತ್ತು ಸಂಜೆ ನೀರು ಬದಲಿಸುವಾಗಲೂ ಅದೇ ಯೋಚನೆ. ಹದ ನೋಡದೆ ಬೆಚ್ಚಗಿನ ಉಪ್ಪುನೀರು ಬಿಟ್ಟುಬಿಟ್ಟಳು. ಗಾಬರಿಯಾದರೆ ಈ ಪ್ರಾಣಿ ಕರುಳನ್ನೇ ಹೊರಗೆ ಕಕ್ಕುತ್ತದೆ. ಮತ್ತೆ ಬೆಳೆಸಿಕೊಳ್ಳುತ್ತದೆ ನಿಜ, ಅದಕ್ಕೆ ವಾರಗಟ್ಟಲೆ ಬೇಕು.

ಸೋಮಾರಿ ಕರುಳು ಕಕ್ಕಲಿಲ್ಲ. ಮೆಲ್ಲಗೆ ಕಲ್ಲು ಹತ್ತಿ, ಬಾಯಿ ಮೇಲೆ ಮಾಡಿ, ನೆಟ್ಟಗೆ ಎದ್ದು ನಿಂತಿತು. ಬೆಚ್ಚನೆ ನೀರಿಗೆ ಬೆದೆಗೆ ಬಂದು, ಅತ್ತಿತ್ತ ತೂಗುತ್ತ ಬಿಳಿ ಹೊಗೆಯಂತೆ ಸಂತಾನದ ಬೀಜವನ್ನು ನೀರಿಗೆ ಬಿಡತೊಡಗಿತು. ತೊಟ್ಟಿಯಲ್ಲಿ ಇನ್ನೊಂದು ಸಮುದ್ರಸೌತೆ ಇಲ್ಲವೆಂದು ಅದಕ್ಕೇನು ಗೊತ್ತು, ಪಾಪ.

ಅಕ್ಕ ಒದ್ದೆ ಕೈಯಲ್ಲೇ ಫೋನು ಮಾಡಿದಳು.

"ಸೋಮಾರಿ ಎದ್ದು ನಿಂತಿದೆ ಕಣೇ. ನೀನು ಬರೆದ ಹಾಗೇ."

ಆ ಕಡೆಯಿಂದ ತಂಗಿ, "ಗೊತ್ತಕ್ಕ. ನಾನು ನೋಡಿದ್ದೆ," ಎಂದಳು.

"ಮತ್ತೆ ಅವತ್ತೇ ಹೇಳೋಕೇನಾಗಿತ್ತು? ಯಾವಾಗ ನೋಡ್ದೆ ಅಂತ ಕೇಳಿದ್ನಲ್ಲೇ!"

"ಕೇಳ್ದೆ. ಉತ್ತರಕ್ಕೆ ನಿಲ್ಲಲಿಲ್ಲ."

ಅಕ್ಕ ತೊಟ್ಟಿಯ ಗಾಜಿಗೆ ಹಣೆಯಿಟ್ಟಳು. ಸೋಮಾರಿ ಇನ್ನೂ ನಿಂತೇ ಇತ್ತು.

"ಈಗ ನಿಂತಿದೀನಿ," ಎಂದಳು. "ಹೇಳು."