ಎಂಟರ ಗಡಿ

"ಲಾಯಿಲದ ಪೂವಮ್ಮ ಬೆಳಿಗ್ಗೆ ತೀರಿಹೋದ್ರಂತೆ ಲತೇಶ್," ಎನ್ನುತ್ತ ಲ್ಯಾಬಿನ ವಸಂತ ಬಾಗಿಲಲ್ಲೇ ನಿಂತ. "ಅವರ ರಿಪೋರ್ಟ್ ನಾನು ನಿನ್ನೆ ಸಂಜೆಯೇ ಕಳಿಸಿದ್ದೆ ಮಾರಾಯ. ಪೊಟ್ಯಾಸಿಯಂ ಎಂಟು ಪಾಯಿಂಟ್ ನಾಲ್ಕು ಉಂಟು. ಕಿಡ್ನಿ ಪೇಶಂಟ್ ಬೇರೆ, ಎದೆಯೇ ನಿಂತು ಹೋಗ್ತದೆ. ವಾರ್ಡಿನಲ್ಲಿ ಯಾರೂ ನೋಡ್ಲಿಲ್ವಾ?"

ಬೆಳ್ತಂಗಡಿಯ ಆ ಸಣ್ಣ ಆಸ್ಪತ್ರೆಯ ಕಂಪ್ಯೂಟರುಗಳೆಲ್ಲ ಲತೇಶನೊಬ್ಬನ ಸುಪರ್ದಿಯಲ್ಲಿದ್ದವು. ಎಂಟರ ಗಡಿ ಹಾಕಿದ್ದೂ ಅವನೇ.

ರಕ್ತಪರೀಕ್ಷೆಯ ಯಂತ್ರದ ಸಾಫ್ಟ್‌ವೇರ್ ಹೊರಗಿನ ಕಂಪನಿಯದು. ಒಮ್ಮೊಮ್ಮೆ ಅದು ದಶಮಾಂಶ ಬಿಂದುವನ್ನು ನುಂಗಿ, ನಾಲ್ಕು ಪಾಯಿಂಟ್ ಐದನ್ನು ನಲವತ್ತೈದು ಮಾಡಿ ಕಳಿಸುತ್ತಿತ್ತು. ಕಂಪನಿಗೆ ಫೋನ್ ಮಾಡಿ ಮಾಡಿ ಸಾಕಾಗಿ, ಲತೇಶ್ ಆಸ್ಪತ್ರೆಯ ಡೇಟಾಬೇಸಿನಲ್ಲಿ ಟ್ರಿಗರ್ ಎಂಬ ಕಾವಲು ಪ್ರೋಗ್ರಾಮೊಂದನ್ನು ಬರೆದಿದ್ದ. ಹೊರಗಿಂದ ಬಂದ ದಾಖಲೆಯನ್ನು ಒಳಗೆ ಬಿಡುವ ಮೊದಲು ಅದು ತಾನಾಗಿ ಪರೀಕ್ಷಿಸುತ್ತಿತ್ತು. ಸರಿಯಿಲ್ಲದ್ದನ್ನು ಸದ್ದಿಲ್ಲದೆ ಬದಿಗೆ ತಳ್ಳುತ್ತಿತ್ತು. ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿದಾಗ ಅಂಥ ಬಿಂದು ತಪ್ಪಿದವನ್ನು ಬಿಟ್ಟರೆ ಪೊಟ್ಯಾಸಿಯಂ ಎಂಟು ದಾಟಿದ್ದು ಕಾಣಲಿಲ್ಲ. ಹಾಗಾಗಿ ಎಂಟೇ ಗಡಿ; ಅದರ ಮೇಲಿನದೆಲ್ಲ ಯಂತ್ರದ ತಪ್ಪೆಂದೇ ಲೆಕ್ಕ. ಡಾಕ್ಟರನ್ನೊಂದು ಮಾತು ಕೇಳೋಣವೆಂದು ಹೊಳೆಯಲೇ ಇಲ್ಲ, ಮಹಾ ಬುದ್ಧಿವಂತನಿಗೆ!

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಮೊದಲೆಲ್ಲ ಅಂಕಿ ಹೆಚ್ಚುಕಮ್ಮಿಯಾದರೆ ವಸಂತ ಕೂಡಲೇ ವಾರ್ಡಿಗೆ ಫೋನ್ ಮಾಡುತ್ತಿದ್ದ. "ಇನ್ನು ಫೋನೆಲ್ಲ ಬೇಡ ವಸಂತಣ್ಣ, ವಾರ್ಡಿನ ಸ್ಕ್ರೀನಿನಲ್ಲಿ ಕೆಂಪು ಬರ್ತದೆ, ಬೀಪ್ ಅಂತ ಹೊಡ್ಕೊಳ್ತದೆ" ಎಂದು ಆ ರೂಢಿ ಬಿಡಿಸಿದವನೂ ಲತೇಶನೇ.

"ಅವರ ಮಗ ಕೆಳಗೆ ಕೇಳ್ತಾ ಇದ್ದಾರೆ, ರಿಪೋರ್ಟ್ ಯಾಕೆ ಬರ್ಲಿಲ್ಲ ಅಂತ." ವಸಂತನ ಮುಖ ಬಾಡಿತ್ತು. "ನಾನು ಕಳಿಸಿದ್ದು ಹೌದಲ್ಲ? ನನ್ನ ತಲೆಗೆ ಕಟ್ತಾರಾ?"

"ನಿಮ್ಮದೇನೂ ತಪ್ಪಿಲ್ಲ ವಸಂತಣ್ಣ. ನಾನು ಹೋಗಿ ಹೇಳ್ತೇನೆ."

ಹೇಳುತ್ತೇನೆಂದನೇ ಹೊರತು, ವಸಂತ ಹೋದ ಮೇಲೂ ಕುರ್ಚಿ ಬಿಟ್ಟೇಳಲಿಲ್ಲ. "ನಿನ್ನ ಮದುವೆ ಊಟದವರೆಗಾದ್ರೂ ನನ್ನನ್ನು ಉಳಿಸು ಮಗಾ" ಎಂದು ಮೊನ್ನೆಯಷ್ಟೇ ಅವನೊಡನೆ ನಗೆಯಾಡಿದ್ದ ಹೆಂಗಸು ಪೂವಮ್ಮ. ಅವರ ಮಗನ ಎದುರು ಯಾವ ಬಾಯಿಂದ ಮಾತಾಡುವುದು? ವಸಂತ ಕಳಿಸಿದ್ದು ಸುಳ್ಳಲ್ಲವೆಂದಾದರೂ ಕಾಣಲಿ ಎಂದುಕೊಂಡ. ಗಡಿಯನ್ನು ಹತ್ತಕ್ಕೆ ಏರಿಸಿದ. ಬದಿಗೆ ಬಿದ್ದಿದ್ದ ಪೂವಮ್ಮನ ದಾಖಲೆಯನ್ನು ಮತ್ತೆ ಕಳಿಸಿದ. ಟ್ರಿಗರ್ ಈ ಸಲ ತಕರಾರೆತ್ತಲಿಲ್ಲ.

ಮೇಜಿನ ಮೇಲಿನ ಫೋನ್ ಹೊಡೆದುಕೊಂಡಿತು. ವಾರ್ಡಿನ ನರ್ಸ್ ಫರ್ಹಾನ.

"ಲತೇಶಣ್ಣ, ಇಲ್ಲಿ ಸ್ಕ್ರೀನಿನಲ್ಲಿ ಕೆಂಪು ಬರ್ತಾ ಉಂಟು, ತುರ್ತು ಅಂತ. ಪೂವಮ್ಮನ ಹೆಸರಿಗೆ. ಆ ಬೆಡ್ಡಿಗೆ ಈಗಷ್ಟೇ ಹೊಸ ಬೆಡ್‌ಶೀಟ್ ಹಾಸಿದ್ದೇನೆ. ಡಾಕ್ಟರಿಗೆ ಹೇಳ್ಬೇಕಾ?"

ರಿಸೀವರಿನಲ್ಲಿ ಆ ಕಡೆಯ ಬೀಪ್ ಸದ್ದು ಸಣ್ಣಗೆ ಕೇಳುತ್ತಲೇ ಇತ್ತು.