ಶೆಡ್ಡಿನ ಕೆಲಸ

ಒತಿಲಿಯಾ ಮೂರು ತಿಂಗಳ ಬಸುರಿ. ಮಕ್ಕಳಾದ ಮೇಲಿನ ಎರಡು ಬಸಿರೂ ನಿಂತಿರಲಿಲ್ಲ. ಎರಡು ಸಲವೂ ಅವಳು ಹೂಗುಚ್ಛಗಳಿಗೆ ಎಲೆ ಬೆಳೆಯುವ ಇದೇ ಜರೀಗಿಡದ ತೋಟದಲ್ಲಿ, ಔಷಧಿ ಹೊಡೆದು ಇನ್ನೂ ಒಣಗದ ಎಲೆಗಳ ನಡುವೆ ಸೊಂಟ ಬಗ್ಗಿಸಿ ಕೊಯ್ಯುತ್ತಿದ್ದಳು. ಈ ಸಲ ನರ್ಸಮ್ಮ ಬಾಯಿಬಿಟ್ಟೇ ಹೇಳಿದ್ದಳು, ಮಗು ಬೇಕಾದರೆ ಆ ಔಷಧಿಯ ಹತ್ತಿರ ಸುಳಿಯಬೇಡ ಅಂತ. ಹೇಳೋರಿಗೇನು, ಹೇಳಿ ಹೋಗ್ತಾರೆ.

ಫ್ಲಾರಿಡಾದಲ್ಲಿ ಹೊಸ ಕಾನೂನು ಬಂದು ವರ್ಷ ಕಳೆದಿತ್ತು. ಹೊಸದಾಗಿ ಕೆಲಸಕ್ಕೆ ಸೇರುವವರ ಹೆಸರು, ನಂಬರು ಎಲ್ಲ ಸರ್ಕಾರದ ಕಂಪ್ಯೂಟರಿಗೆ ಹಾಕಿ ನೋಡಬೇಕು. ಈ ದೇಶದಲ್ಲಿ ಇರಲು ಕಾಗದ ಇಲ್ಲದ ಒತಿಲಿಯಾಳಂಥವರು ಅಲ್ಲೇ ಸಿಕ್ಕಿಬೀಳುತ್ತಾರೆ. ಮೊದಲಿನಿಂದ ಇದ್ದವರ ತಂಟೆಗೆ ಯಾರೂ ಬರುವುದಿಲ್ಲ. ಹದಿನಾಲ್ಕು ವರ್ಷದಿಂದ ಕೊಯ್ಯುತ್ತಿದ್ದ ಒತಿಲಿಯಾ ಬಚಾವಾದಳು ಅಂತ ಎಲ್ಲರೂ ಅಂದರು. ಎಂಥಾ ಬಚಾವು! ಈ ತೋಟ ಬಿಟ್ಟರೆ ಇನ್ನೊಂದು ತೋಟದವರು ಒಳಗೆ ಬಿಡುವುದಿಲ್ಲ. ಸಣ್ಣಪುಟ್ಟ ತೋಟಗಳಿಗೆ ಕಂಪ್ಯೂಟರಿನ ಕಾಟ ಇಲ್ಲ ನಿಜ, ಅಲ್ಲಿ ಆಗಲೇ ಜನ ತುಂಬಿ ತುಳುಕುತ್ತಿದ್ದರು. ಅವಳ ಗಂಡ ಫಿದೆನ್ಸಿಯೊ ಸೂರು ಹೊದಿಸುವ ಕೆಲಸ ಬಿಟ್ಟು ಇನ್ನೊಂದು ಕಡೆ ಸೇರಲು ಹೋಗಿ, ಅದೂ ಇಲ್ಲದೆ ಇದೂ ಇಲ್ಲದೆ ಮನೆಯಲ್ಲಿ ಕೂತಿದ್ದ.

ತೋಟದ ಮೇಸ್ತ್ರಿ ರೋಕೆ. ಒತಿಲಿಯಾಳ ದೊಡ್ಡ ಮಗಳಿಗೆ ದೀಕ್ಷಾಸ್ನಾನ ಮಾಡಿಸುವಾಗ ಧರ್ಮತಂದೆಯಾಗಿ ಮಗುವನ್ನು ಎತ್ತಿಕೊಂಡವನು. ಅವರಲ್ಲಿ ಅದು ಒಡಹುಟ್ಟಿದವರಿಗಿಂತ ಗಟ್ಟಿ ನಂಟು. ಅವತ್ತಿನಿಂದ ಅವನು ಅವಳಿಗೆ ಕೊಂಪಾದ್ರೆ, ಅವಳು ಅವನಿಗೆ ಕೊಮಾದ್ರೆ. ಒಬ್ಬರನ್ನೊಬ್ಬರು 'ನೀವು' ಅನ್ನಬೇಕು, ಜಗಳ ಆಡಬಾರದು. ಒಬ್ಬರು ಮಾಡಿದ ಉಪಕಾರವನ್ನು ಇನ್ನೊಬ್ಬರು ಕೆದಕಿ ಪ್ರಶ್ನೆ ಕೇಳುವುದಂತೂ ಮುಖಕ್ಕೆ ಹೊಡೆದ ಹಾಗೆ.

ಭಾನುವಾರ ಪೊಸೋಲೆ ಸಾರು ಉಣ್ಣಲು ಬಂದವನ ಮುಂದೆ ಅವಳು ಎಲ್ಲ ಹೇಳಿಕೊಂಡು ಅತ್ತಳು. ರೋಕೆ ಚಮಚ ಕೆಳಗಿಟ್ಟ. ಎಲೆಯ ಕಟ್ಟುಗಳನ್ನು ಪೆಟ್ಟಿಗೆಗೆ ತುಂಬುವ ಶೆಡ್ಡಿಗೆ ಹಾಕಿಸುತ್ತೇನೆ, ಅಲ್ಲಿ ತಣ್ಣಗಿರುತ್ತೆ, ಔಷಧಿಯ ಗಾಳಿಯೂ ಇಲ್ಲ, ಎಲ್ಲ ನನಗೆ ಬಿಡಿ ಅಂದ. ಹೊಸ ಅರ್ಜಿ ಗಿರ್ಜಿ ಏನಾದರೂ ಉಂಟಾ ಅನ್ನುವ ಮಾತು ಅವಳ ನಾಲಿಗೆಯ ತುದಿವರೆಗೆ ಬಂತು. ಕೇಳಲಿಲ್ಲ. ಕೊಂಪಾದ್ರೆಯನ್ನು ಅನುಮಾನಿಸುವುದುಂಟೇ? ಅದೂ ಅಲ್ಲದೆ ತೋಟಕ್ಕೂ ಶೆಡ್ಡಿಗೂ ಒಂದೇ ಗೇಟು, ಒಬ್ಬನೇ ಧಣಿ.

ಗುರುವಾರ ಬೆಳಿಗ್ಗೆ ಒಗೆದ ಅಂಗಿ ಹಾಕಿಕೊಂಡು ಶೆಡ್ಡಿನ ಆಫೀಸಿಗೆ ಹೋದಳು. ಗುಮಾಸ್ತೆ ಮಾರ್ಲೀನ್ ನಗುತ್ತಲೇ ಒಂದು ಫಾರಂ ಮುಂದಿಟ್ಟಳು. ಶೆಡ್ಡು ಧಣಿಯ ತಮ್ಮನ ಹೆಸರಿನ ಬೇರೆ ಕಂಪನಿಯಂತೆ; ಇಲ್ಲಿಗೆ ಒತಿಲಿಯಾ ಹೊಸಬಳಂತೆ; ಕಂಪ್ಯೂಟರಿಗೆ ಹಾಕಲೇಬೇಕಂತೆ. ಒತಿಲಿಯಾ ಫಾರಂ ಹಿಂದಕ್ಕೆ ತಳ್ಳಿದಳು. ಬೇಡ, ತೋಟಕ್ಕೇ ವಾಪಸ್ ಹೋಗುತ್ತೇನೆ ಅಂದಳು.

"ಅಲ್ಲಿ ನಿನ್ನ ಹೆಸರು ನಿನ್ನೆನೇ ತೆಗೆದಾಯ್ತಲ್ಲಮ್ಮ, ರೋಕೆನೇ ನಿಂತು ತೆಗೆಸಿದ್ದು," ಅಂದಳು ಮಾರ್ಲೀನ್. "ಈಗ ಅಲ್ಲಿಗೆ ಹೋದ್ರೂ ನೀನು ಹೊಸಬಳೇ."

ಸುದ್ದಿ ಕೇಳಿ ರೋಕೆಯ ಮುಖ ಬಿಳಿಚಿಕೊಂಡಿತು. ಅವನನ್ನು ಬೈಯೋಣ ಅಂದರೆ ಬೈಯುವಂಥ ಮನುಷ್ಯ ಅಲ್ಲ. ಅವನಿಗೆ ಕಾಗದ ಇತ್ತು. ಕಾಗದ ಇದ್ದವನಿಗೆ ಫಾರಂ ಅಂದರೆ ಬರೀ ಫಾರಂ. ಟೋಪಿ ತೆಗೆದು ಮುಖ ಒರೆಸಿಕೊಂಡು, ಕೊನೆಗೆ ಒಂದು ದಾರಿ ಹೇಳಿದ. ಅವನ ಹೆಂಡತಿ ಡೆಲ್ಫಿನಾಗೂ ಕಾಗದ ಉಂಟು. ತೋಟದ ಪಟ್ಟಿಯಲ್ಲಿ ಅವಳ ಹೆಸರು ಸೇರಿಸುವುದು, ಕೊಯ್ಯುವುದು ಒತಿಲಿಯಾ.

"ಮತ್ತೆ ಔಷಧಿ?" ಅಂದಳು.

ರೋಕೆ ನೆಲ ನೋಡಿದ. "ತೋಟ ಬಿಟ್ಟು ನನ್ನ ಕೈಯಲ್ಲಿ ಬೇರೆ ಏನೂ ಇಲ್ಲ, ಕೊಮಾದ್ರೆ."

ಅವನ ಎದೆಗೆ ಗುದ್ದಿ ಕಿರುಚಬೇಕು ಅನ್ನಿಸಿತು ಅವಳಿಗೆ. ಆದರೂ ಮಗಳನ್ನು ಎತ್ತಿಕೊಂಡ ಕೈ ಅದು, ನಾಳೆಯ ಅನ್ನವೂ ಅದೇ ಕೈಯಿಂದ ಬರಬೇಕು. ನಿಮ್ಮಿಂದ ದೊಡ್ಡ ಉಪಕಾರವಾಯಿತು ಅಂದಳು.

ಮುಂದಿನ ವಾರ ಡೆಲ್ಫಿನಾ ಹೆಸರಿನ ಚೀಟಿ ಅಂಗಿಗೆ ಸಿಕ್ಕಿಸಿಕೊಂಡು ಒತಿಲಿಯಾ ಗಿಡಗಳ ಮೇಲೆ ಕಟ್ಟಿದ ನೆರಳುಬಲೆಯ ಕೆಳಗೆ ಹೋದಳು. ಮುಂಜಾನೆಯೇ ಔಷಧಿ ಹೊಡೆದಿದ್ದರು. ರೋಕೆ ಆಚೀಚೆ ನೋಡಿ ಹತ್ತಿರ ಬಂದ.

"ತಪ್ಪು ತಿಳೀಬೇಡಿ ಕೊಮಾದ್ರೆ. ಡೆಲ್ಫಿನಾಗೆ ಐವತ್ತಾರು ವರ್ಷ, ಕಾಗದದಲ್ಲೂ ಹಾಗೇ ಇದೆ. ನಿಮ್ಮ ಹೊಟ್ಟೆ ಯಾರಿಗೂ ಕಾಣಬಾರದು."

"ಬಗ್ಗೇ ಇರ್ತೀನಲ್ಲ ಕೊಂಪಾದ್ರೆ, ಯಾರಿಗೆ ಕಾಣುತ್ತೆ," ಅಂದಳು ಒತಿಲಿಯಾ. ಕತ್ತರಿ ತೆಗೆದು ಒದ್ದೆ ಎಲೆಗಳೊಳಗೆ ಬಗ್ಗಿದಳು.