ಕಪ್ಪಗೆ ಕಾಣುವ ನೀರು

ನಾನು ಒಂದು ಸ್ಕ್ಯಾನಿಂಗ್ ಯಂತ್ರ. ದೂರದ ಕಾರ್ಖಾನೆಯೊಂದರಲ್ಲಿ ನನ್ನನ್ನು ಜೋಡಿಸಿ, ಮೊದಲು ಹೊಟ್ಟೆಯ ಮೇಲೆ ಆಡಿಸುವ ನನ್ನ ಹಿಡಿಯನ್ನು ನೀರು ತುಂಬಿದ ಡಬ್ಬಿಯ ಮೇಲಿಟ್ಟು ಪರೀಕ್ಷಿಸಿದರು. ನೀರು ನನಗೆ ಕಪ್ಪಗೆ ಕಾಣುತ್ತದೆ. ನೋವು ಮಾತ್ರ ಕಾಣುವುದೇ ಇಲ್ಲ.

ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಐದು ವರ್ಷ ದುಡಿದೆ. ಹೊಸ ಯಂತ್ರ ಬಂದ ಮೇಲೆ ರಾಣೆಬೆನ್ನೂರಿನ ಡಾಕ್ಟರ್ ಸುಹಾಸಿನಿ ನನ್ನನ್ನು ಕೊಂಡರು. ನನ್ನ ಎತ್ತರಕ್ಕೆ ಅವರ ಗಲ್ಲ, ಹುಬ್ಬು ಚೆನ್ನಾಗಿ ಕಾಣುತ್ತಿದ್ದವು. ಆ ಹುಬ್ಬು ಸ್ವಲ್ಪ ಗಂಟಾದರೂ ಮಂಚದ ಮೇಲಿದ್ದವರು ಉಸಿರು ಹಿಡಿಯುತ್ತಿದ್ದರು.

ಒಮ್ಮೆ ಐದು ತಿಂಗಳ ಗರ್ಭಿಣಿ ಸೌಭಾಗ್ಯ ಬಂದಳು. ಜೊತೆಗೆ ಅವಳ ತಾಯಿ, ಬಸ್ ಕಂಡಕ್ಟರ್ ಕಸ್ತೂರೆವ್ವ. ಹೊಟ್ಟೆಯೊಳಗಿನ ಕೂಸಿನ ಎಡ ಮೂತ್ರಪಿಂಡದಲ್ಲಿ ಕಪ್ಪು ಇರಬೇಕಾದದ್ದಕ್ಕಿಂತ ಅಗಲವಾಗಿತ್ತು.

“ಮೂತ್ರ ಸರಾಗ ಇಳೀಲಾರದ ಕಿಡ್ನಿ ಸ್ವಲ್ಪ ಊದೇತಿ,” ಎಂದರು ಡಾಕ್ಟರ್. “ಭಾಳ ಮಕ್ಕಳಿಗೆ ತಾನ ಸರಿ ಆಗತೈತಿ. ಆದ್ರ ಹುಟ್ಟಿ ಒಂದು ವಾರಕ್ಕ ಮತ್ತ ನೋಡಬೇಕು.”

“ಗ್ರಹಣದಾಗ ಹೊರಗ ಬಂದಿದ್ಲರೀ ಈಕಿ.”

“ಗ್ರಹಣಕ್ಕೂ ಕಿಡ್ನಿಗೂ ಪರಿಚಯ ಇಲ್ಲ, ಕಸ್ತೂರೆವ್ವ.”

ಹೆರಿಗೆ ಬೇರೆ ಕಡೆ ಆಯಿತು, ಹೆಣ್ಣು ಕೂಸು. ಎರಡನೆಯ ದಿನವೇ ಅಲ್ಲಿ ಸ್ಕ್ಯಾನ್ ಮಾಡಿ, ಊತವಿಲ್ಲ ಎಂದು ಬರೆದುಕೊಟ್ಟರು. ಹೇಳಿದ ದಿನ ಯಾರೂ ಬರಲಿಲ್ಲ. ಡಾಕ್ಟರ್ ನನ್ನ ಪಕ್ಕದಲ್ಲೇ ನಿಂತು ಫೋನ್ ಮಾಡಿದರು. ಅಲ್ಲಿಯ ಸ್ಕ್ಯಾನ್ ಸರಿ ಇದೆ, ಬಾಣಂತಿ ಹೊಸ್ತಿಲು ದಾಟುವಂತಿಲ್ಲ, ಬೀಗರು ಒಪ್ಪುವುದಿಲ್ಲ ಎಂದಳು ಕಸ್ತೂರೆವ್ವ.

“ಎರಡು ದಿನದ ಕೂಸು ಮೂತ್ರ ಮಾಡೂದ ಕಡಿಮಿ. ಇಲ್ಲದ ನೀರು ಹೆಂಗ ಕಾಣಬೇಕವ್ವ?” ಎಂದರು ಡಾಕ್ಟರ್. ಆ ಕಡೆಯಿಂದ ಫೋನ್ ಕಟ್ಟಾಯಿತು.

ಮತ್ತೆರಡು ವಾರ ಕಳೆದವು. ಕಸ್ತೂರೆವ್ವ ಒಬ್ಬಳೇ ಬಂದಳು, ಪಕ್ಕೆ ಭಾರವೆಂದು. ಬಸ್ ನಿಲ್ಲುವ ಕಡೆಯೆಲ್ಲ ಹೆಂಗಸರಿಗೆ ಶೌಚಾಲಯವಿಲ್ಲದ್ದರಿಂದ ಅವಳು ಡ್ಯೂಟಿಯಲ್ಲಿ ನೀರೇ ಕುಡಿಯುತ್ತಿರಲಿಲ್ಲ. ಹೋದ ವರ್ಷ ಜೋರಾಗಿ ಬೆನ್ನುನೋವು ಬಂದು, ತಾನೇ ಹೋಗಿತ್ತಂತೆ. ಡಾಕ್ಟರ್ ನನ್ನ ಪರದೆಯನ್ನು ಅವಳತ್ತ ತಿರುಗಿಸಿದರು. ಬಲ ಮೂತ್ರಪಿಂಡದ ನಡುವೆ ಕಪ್ಪು ಅಗಲವಾಗಿ ಹರಡಿತ್ತು.

“ಮೂತ್ರ ಇಳಿಯೋ ನಾಳದಾಗ ಹರಳು ಸಿಕ್ಕೊಂಡೈತಿ. ನೋವು ಹೋತು, ಊತ ಉಳೀತು.”

ಅವಳು ನನ್ನ ಪರದೆಯ ಕಪ್ಪಿನ ಮೇಲೆ ಬೆರಳಿಟ್ಟಳು. “ಕೂಸಿಂದೂ ಹಿಂಗ ಇರಬಹುದೇನ್ರಿ?”

“ನೋಡದ ಹೆಂಗ ಹೇಳ್ಲಿ?”

ಮರುದಿನ ಬೆಳಿಗ್ಗೆ ಕಿವಿಗೆ ಹತ್ತಿ ಇಟ್ಟು, ತಲೆಗೆ ಸ್ಕಾರ್ಫ್ ಬಿಗಿದ ಸೌಭಾಗ್ಯಳನ್ನು ಕೂಸಿನ ಸಮೇತ ಅವಳು ಕರೆತಂದಳು. “ಅತ್ತಿ ಬೈತಾರವ್ವ,” ಎಂದು ಮಗಳು ಅಂಜಿದಳು.

“ನನಗ ಬೈಯಲಿ ತಗೋ. ದಿನಾ ಚಿಲ್ಲರೆ ಸಲುವಾಗಿ ಬೈಸ್ಕೊಂಡು ರೂಢಿ ಐತಿ.”

ನನ್ನ ಪರದೆಯ ಮೇಲೆ ಕೂಸಿನ ಮೂತ್ರಪಿಂಡದ ಕಪ್ಪು ಮೊದಲಿಗಿಂತ ಹಿಗ್ಗಿತ್ತು. ಅದನ್ನು ಕಾಣುವುದಷ್ಟೇ ನನ್ನ ಕೆಲಸ. ಡಾಕ್ಟರ್ ಅಂದೇ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಕೂಸಿಗೆ ನಾಲ್ಕನೆಯ ತಿಂಗಳಲ್ಲಿ ಆಪರೇಷನ್ ಆಗಿ, ಮೂತ್ರ ಇಳಿಯುವ ದಾರಿ ತೆರೆದುಕೊಂಡಿತು. ಮೂತ್ರಪಿಂಡ ಉಳಿಯಿತು. ಕಸ್ತೂರೆವ್ವನ ಹರಳನ್ನೂ ತೆಗೆದರು. ಮುಂದಿನ ಭೇಟಿಗಳಲ್ಲಿ ಆ ಕಪ್ಪು ಕಿರಿದಾಗುತ್ತ ಹೋದದ್ದನ್ನು ಇಬ್ಬರಲ್ಲೂ ಕಂಡೆ.

ಈಗ ನಾನು ಬಟ್ಟೆ ಹೊದ್ದು ಉಗ್ರಾಣದ ಮೂಲೆಯಲ್ಲಿದ್ದೇನೆ. ಪರದೆ ಬೆಳಗುವುದಿಲ್ಲ. ಗೋಡೆಯಾಚೆಯ ಮಾತು ಮಾತ್ರ ಕೇಳಿಸುತ್ತದೆ. ಆ ಕೂಸು ಶಾಲೆಗೆ ಹೋಗುತ್ತಿದೆ. ವರ್ಷಕ್ಕೊಮ್ಮೆ ತಪಾಸಣೆಗೆ ಬರುತ್ತದೆ.

“ನೀರು ಕುಡದ್ಯಾ?” ಎಂದಿತು ಮೊನ್ನೆ ಕಸ್ತೂರೆವ್ವನ ದನಿ.

“ನೀ ಕುಡದೀ ಏನಜ್ಜಿ?”

ಆಮೇಲೆ ಬಾಟಲಿಯ ಮುಚ್ಚಳ ತಿರುಗಿದ ಸದ್ದು ಕೇಳಿಸಿತು.